ಪಾಲಿಶ್, ಕೋಟಿಂಗ್‌ಗೆ ಮುಂಚೆ ಪೇಂಟ್‌ಗೆ ಯಾವ ತಯಾರಿ? ಕಾರಿನ ಸ್ಥಿತಿ ನೋಡಿ ಆರಿಸೋದು ಹೇಗೆ

ಕಾರನ್ನು ಶಾಂಪೂ ಹಾಕಿ ತೊಳೆದು, ಒರೆಸಿ, ನೆರಳಲ್ಲಿ ನಿಲ್ಲಿಸಿ. ಬ್ರೆಡ್ ಬರುವ ತೆಳ್ಳಗಿನ ಕವರ್ ಒಂದನ್ನು ಕೈಗೆ ಹಾಕಿಕೊಂಡು ಬೆರಳ ತುದಿಯಿಂದ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣ್ಣಗೆ ಇದ್ದ ಜಾಗವೇ ಈಗ ರವೆ ಚೆಲ್ಲಿದ ಹಾಗೆ ತರಿತರಿಯಾಗಿ ಸಿಗಬಹುದು. ಕವರ್ ಇದ್ದಾಗ ಬೆರಳಿನ ಚರ್ಮ ಪೇಂಟ್‌ಗೆ ಅಂಟಿ ಎಳೆಯುವುದಿಲ್ಲ, ಹಾಗಾಗಿ ಸಣ್ಣ ಉಬ್ಬು ಕೂಡ ಗೊತ್ತಾಗುತ್ತದೆ. ಬಾನೆಟ್ ಆದ ಮೇಲೆ ರೂಫ್, ಡಿಕ್ಕಿ, ಬಾಗಿಲುಗಳ ಕೆಳಭಾಗ, ಚಕ್ರಗಳ ಹಿಂಬದಿ, ಹೀಗೆ ಎಲ್ಲ ಕಡೆ ಸವರಿ ನೋಡಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಪಾಲಿಶ್ ಮಾಡಬೇಕು, ಸೆರಾಮಿಕ್ ಕೋಟಿಂಗ್ ಹಾಕಿಸಬೇಕು ಅಂತ ಹೊರಟವರು ಮೊದಲು ಮಾಡಬೇಕಾದ ಕೆಲಸ ಇದು. ಯಾವ ಕಂಪನಿಯ ಕೋಟಿಂಗ್ ಅನ್ನೋದು ಆಮೇಲಿನ ಮಾತು. ಕೋಟಿಂಗ್ ಅಂದರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪಾರದರ್ಶಕ ಪದರ. ಕೊಳೆ ಮೇಲೆ ಹಾಕಿದರೆ ಕೊಳೆಯೇ ಭದ್ರವಾಗಿ ಕೂರುತ್ತದೆ. ಪಾಲಿಶ್ ವಿಷಯ ಇನ್ನೂ ಸೂಕ್ಷ್ಮ. ಅಂಟಿಕೊಂಡ ಕಣವೊಂದು ಪ್ಯಾಡ್‌ಗೆ ಸಿಕ್ಕಿದರೆ, ಹೊಳಪು ಕೊಡಬೇಕಾದ ಪ್ಯಾಡೇ ಪ್ಯಾನಲ್ ತುಂಬಾ ಗೀರು ಎಳೆಯುತ್ತಾ ಹೋಗುತ್ತದೆ.

ಹಾಗಂತ ಎಲ್ಲ ಕಾರಿಗೂ ಎಲ್ಲ ತಯಾರಿಯೂ ಬೇಕಿಲ್ಲ. ಕಾರ್ಖಾನೆಯಿಂದ ಬರುವ ಪೇಂಟ್‌ನ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 35ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಅಂದರೆ ಕ್ಲಿಯರ್ ಕೋಟ್ ಒಂದು ಕೂದಲಿನಷ್ಟೂ ದಪ್ಪ ಇಲ್ಲ. ಹೊಳಪು ಕೊಡೋದೂ ಅದೇ, ಬಿಸಿಲಿನಿಂದ ಬಣ್ಣ ಕಾಯೋದೂ ಅದೇ. ಉಜ್ಜಿದಷ್ಟೂ ಸವೆಯುತ್ತದೆ, ಸವೆದದ್ದು ವಾಪಸ್ ಬರೋದಿಲ್ಲ. ಆದ್ದರಿಂದ ನನ್ನ ಅಳತೆ ಒಂದೇ: ಕೊಳೆಯನ್ನು ತೆಗೆಯಬಲ್ಲ ದಾರಿಗಳಲ್ಲಿ ಪೇಂಟ್‌ಗೆ ಅತಿ ಕಡಿಮೆ ಉಜ್ಜಾಟ ಯಾವುದೋ ಅದನ್ನು ಮೊದಲು ಆರಿಸಿ. ಅದರಿಂದ ಆಗದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ.

ತೊಳೆಯೋದು: ಎರಡು ಬಕೆಟ್, ರಿನ್ಸ್‌ಲೆಸ್, ಇಲ್ಲಾ ವಾಟರ್ ಸರ್ವಿಸ್

ವಾಟರ್ ಸರ್ವಿಸ್‌ಗೆ ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಕೆಸರೂ ಚೆನ್ನಾಗಿ ಹೋಗುತ್ತದೆ. ಮಳೆಗಾಲದಲ್ಲಿ ಮಲೆನಾಡು ಸುತ್ತಿ ಬಂದ ಕಾರಿನ ಅಡಿಭಾಗಕ್ಕೆ, ಮಡ್‌ಗಾರ್ಡ್ ಒಳಗಿನ ಮಣ್ಣಿಗೆ ಆ ಪ್ರೆಶರ್ ಬೇಕೇ ಬೇಕು. ತೊಂದರೆ ಇರೋದು ಆಮೇಲೆ ಹಿಂಡಿ ಒರೆಸುವ ಬಟ್ಟೆಯಲ್ಲಿ. ಬೆಳಗ್ಗೆಯಿಂದ ಹತ್ತಾರು ಕಾರಿಗೆ ಬಳಸಿದ ಸ್ಪಂಜು, ಒಂದೇ ಬಕೆಟ್‌ನ ನೀರು, ಅದೇ ಬಟ್ಟೆ. ಬಿಸಿಲಲ್ಲಿ ಬಾನೆಟ್ ಮೇಲೆ ಕಾಣುವ ಜೇಡರಬಲೆಯಂಥ ಗೀರುಗಳಲ್ಲಿ ಬಹುಪಾಲು ಹುಟ್ಟೋದು ಇಂಥ ಬಟ್ಟೆಯಿಂದ. ಅಲ್ಲಿಗೆ ಹೋಗೋದಾದರೆ ನೀರು ಮತ್ತು ಫೋಮ್ ಮಾತ್ರ ಹಾಕಿಸಿ, ಒರೆಸೋಕೆ ನಿಮ್ಮದೇ ಮೈಕ್ರೋಫೈಬರ್ ಟವೆಲ್ ಕೊಡಿ.

ಮನೆಯಲ್ಲಿ ಜಾಗ, ನೀರು ಎರಡೂ ಇದ್ದರೆ ಎರಡು ಬಕೆಟ್ ಪದ್ಧತಿಯೇ ಒಳ್ಳೆಯದು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಪ್ಯಾನಲ್ ತೊಳೆದ ತಕ್ಷಣ ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಶಾಂಪೂಗೆ. ಮೇಲಿನಿಂದ ಕೆಳಕ್ಕೆ ಬನ್ನಿ. ಬಟ್ಟೆ ಮುಟ್ಟಿಸುವ ಮೊದಲು ಬರೀ ನೀರು ಬಿಟ್ಟು ದೂಳು ಇಳಿಸಿ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯವರಿಗೆ ಇದು ಇನ್ನೂ ಮುಖ್ಯ. ಅಲ್ಲಿನ ಕೆಂಪು ದೂಳಿನಲ್ಲಿ ಹೆಮಟೈಟ್ ಅದಿರು ಇರುತ್ತದೆ. ಕಾರಿನ ಪೇಂಟ್‌ಗಿಂತ ಎಷ್ಟೋ ಪಟ್ಟು ಗಟ್ಟಿ ಅದು. ಒಣ ಬಟ್ಟೆಯಲ್ಲಿ ಒಂದೇ ಒಂದು ಸಲ ಜಾಡಿಸಿದರೂ ಗೀರು ಬೀಳುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರ ಕಥೆ ಬೇರೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. 2025ರ ಫೆಬ್ರುವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ಇಂಥ ಕಡೆ ರಿನ್ಸ್‌ಲೆಸ್ ವಾಶ್, ಅಂದರೆ ಕೊನೆಗೆ ನೀರು ಬಿಟ್ಟು ಜಾಲಾಡಬೇಕಿಲ್ಲದ ಪದ್ಧತಿ, ನಿಜಕ್ಕೂ ಒಳ್ಳೆಯ ದಾರಿ. ಆಪ್ಟಿಮಮ್ ನೋ ರಿನ್ಸ್ ಥರದ ದ್ರಾವಣವನ್ನು 256 ಪಾಲು ನೀರಿಗೆ ಒಂದು ಪಾಲು ಸೇರಿಸುತ್ತಾರೆ. ಎಂಟು ಲೀಟರ್ ನೀರಿಗೆ ಸುಮಾರು 30 ಎಂಎಲ್ ಸಾಕು, ಒಂದು ಬಕೆಟ್‌ನಲ್ಲಿ ಇಡೀ ಕಾರು ಮುಗಿಯುತ್ತದೆ. ಅದರಲ್ಲಿನ ಪಾಲಿಮರ್ ದೂಳಿನ ಕಣಗಳನ್ನು ಸುತ್ತಿಕೊಂಡು ಜಾರುವಂತೆ ಮಾಡುತ್ತದೆ. ಆದರೆ ಒಣಗಿದ ಕೆಸರಿನ ಮೇಲೆ ಇದನ್ನು ಬಳಸಬೇಡಿ. ನಗರದ ದಿನನಿತ್ಯದ ದೂಳಿಗೆ ಸರಿ, ಹಳ್ಳಿ ರಸ್ತೆಯ ಮಣ್ಣಿಗೆ ಅಲ್ಲ. ಇನ್ನೊಂದು ವಿಷಯ: ಮುಂದೆ ಹೇಳುವ ಐರನ್ ರಿಮೂವರ್ ಬಳಸಿದರೆ ಅದನ್ನು ನೀರು ಬಿಟ್ಟೇ ತೊಳೆಯಬೇಕು. ಹಾಗಾಗಿ ಕೋಟಿಂಗ್‌ಗೆ ತಯಾರಿ ಮಾಡುವ ಆ ಒಂದು ದಿನ ನೀರಿರುವ ಜಾಗ ನೋಡಿಕೊಳ್ಳಿ. ಊರಿಗೆ ಹೋದಾಗ ಮಾಡಿದರೂ ನಡೆಯುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಹಳೇ ವ್ಯಾಕ್ಸ್ ಎಲ್ಲಾ ಹೋಗುತ್ತೆ, ಕೋಟಿಂಗ್‌ಗೆ ಅದೇ ಸಾಕು ಅಂತ ಬಹಳ ಜನ ಹೇಳುತ್ತಾರೆ. ಒಳ್ಳೆಯ ಸೀಲಂಟ್ (ವ್ಯಾಕ್ಸ್ ಥರದ್ದೇ ಸಿಂಥೆಟಿಕ್ ರಕ್ಷಣಾ ಪದರ) ಅದಕ್ಕೆಲ್ಲ ಜಗ್ಗೋದಿಲ್ಲ. ಜತೆಗೆ ರಬ್ಬರ್ ಬೀಡಿಂಗ್ ಒಣಗುತ್ತದೆ. ಸುಮ್ನೆ ಕಾರ್ ಶಾಂಪೂನೇ ಬಳಸಿ, ಹಳೇ ಪದರ ತೆಗೆಯೋಕೆ ಮುಂದಿನ ಹಂತಗಳಿವೆ.

ಕೆಮಿಕಲ್ ಮೊದಲು, ಕ್ಲೇ ಆಮೇಲೆ

ತೊಳೆದ ಮೇಲೂ ಉಳಿಯುವುದನ್ನು ಕಣ್ಣಲ್ಲೇ ಗುರುತಿಸೋಕೆ ಕಲಿತರೆ ಅರ್ಧ ಕೆಲಸ ಆದಂತೆ. ಬಾಗಿಲಿನ ಕೆಳಗೆ, ಚಕ್ರದ ಹಿಂದೆ ಕಪ್ಪು ಚುಕ್ಕೆಗಳಿದ್ದರೆ ಡಾಂಬರು. ಬಿಳಿ ಕಾರಿನ ಮೇಲೆ ಕಂದು ಬಣ್ಣದ ಸೂಜಿಮೊನೆ ಚುಕ್ಕೆಗಳಿದ್ದರೆ ಕಬ್ಬಿಣದ ಕಣ. ಬ್ರೇಕ್ ಪ್ಯಾಡ್ ಸವೆದಾಗ ಹಾರುವ ಕಣ ಬಿಸಿಯಾಗಿ ಬಂದು ಕ್ಲಿಯರ್ ಕೋಟ್‌ಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಮಳೆಗೆ ತುಕ್ಕು ಹಿಡಿಯುತ್ತದೆ. ರೈಲ್ವೆ ಸ್ಟೇಷನ್ ಪಾರ್ಕಿಂಗ್, ಗ್ರಿಲ್ ಮಾಡುವ ವರ್ಕ್‌ಶಾಪ್ ಪಕ್ಕ, ಪೀಣ್ಯದಂಥ ಕೈಗಾರಿಕಾ ಪ್ರದೇಶ, ಇಂಥ ಕಡೆ ದಿನಾ ನಿಲ್ಲುವ ಕಾರಿನಲ್ಲಿ ಇದು ಜಾಸ್ತಿ. ರೂಫ್ ಮೇಲೆ ಬಣ್ಣದ ಸಣ್ಣ ಸಣ್ಣ ಹನಿ ಇದ್ದರೆ, ಪಕ್ಕದ ಬಿಲ್ಡಿಂಗ್‌ಗೆ ಪೇಂಟ್ ಹೊಡೆದಾಗ ಹಾರಿ ಬಂದದ್ದು.

ಡಾಂಬರಿಗೆ ಎರಡು ದಾರಿ. ಸೀಮೆಎಣ್ಣೆ ಅಥವಾ ಪೆಟ್ರೋಲ್‌ನಲ್ಲಿ ಒರೆಸೋದು ಹಳೇ ರೂಢಿ. ಡಾಂಬರು ಕರಗುತ್ತದೆ, ನಿಜ. ಆದರೆ ಸೀಮೆಎಣ್ಣೆ ಜಿಡ್ಡು ಬಿಡುತ್ತದೆ. ಆ ಜಿಡ್ಡು ಪೂರ್ತಿ ಹೋಗದಿದ್ದರೆ ಕೋಟಿಂಗ್ ಹಿಡಿಯೋದಿಲ್ಲ. ಪೆಟ್ರೋಲ್‌ಗೆ ಬೆಂಕಿಯ ಭಯ, ಪ್ಲಾಸ್ಟಿಕ್ ಮತ್ತು ರಬ್ಬರ್‌ಗೂ ಒಳ್ಳೆಯದಲ್ಲ. ಥಿನ್ನರ್ ಅಂತೂ ಹತ್ತಿರ ತರಲೇಬೇಡಿ, ಅದು ಪೇಂಟನ್ನೇ ಮೆತ್ತಗೆ ಮಾಡುತ್ತದೆ. ಬರೀ ತೊಳೆದು ಓಡಿಸುವ ಕಾರಿಗೆ ಎರಡು ಚುಕ್ಕೆ ತೆಗೆಯೋಕೆ ಸೀಮೆಎಣ್ಣೆ ಬಳಸಿ ಶಾಂಪೂ ಹಾಕಿದರೆ ಪರವಾಗಿಲ್ಲ. ಕೋಟಿಂಗ್ ತಯಾರಿಗೆ ಮಾತ್ರ ಟಾರ್ ರಿಮೂವರ್ ಒಂದು ಡಬ್ಬಿ ತಂದುಬಿಡಿ. ಬಟ್ಟೆಗೆ ಹಾಕಿ, ಚುಕ್ಕೆ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಒಮ್ಮೆ ಒರೆಸಿ ತೆಗೆಯಿರಿ. ತಿಕ್ಕಬೇಡಿ.

ಐರನ್ ರಿಮೂವರ್ ನನಗೆ ಈ ಇಡೀ ಕೆಲಸದಲ್ಲಿ ಬಹಳ ಇಷ್ಟದ ಹಂತ. ಉಜ್ಜಾಟವೇ ಇಲ್ಲದೆ ಕೆಲಸ ಮಾಡುತ್ತದೆ. ಇದರಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಇರುತ್ತದೆ. ಕಬ್ಬಿಣ ಸಿಕ್ಕಿದ ಕಡೆ ಅದರ ಜತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಕಾರಿನ ಹಿಂಬಾಗಿಲಿಗೆ ಸ್ಪ್ರೇ ಮಾಡಿ ನೋಡಿ. ಮೊದಲ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ ಮೂಡುತ್ತದೆ. ಎರಡನೇ ನಿಮಿಷಕ್ಕೆ ಆ ಚುಕ್ಕೆಗಳು ಗೆರೆಗಳಾಗಿ ಕೆಳಗೆ ಇಳಿಯುತ್ತವೆ. ಸ್ವಚ್ಛ ಅಂದುಕೊಂಡಿದ್ದ ಬಾಗಿಲಿನಲ್ಲಿ ಅಷ್ಟೊಂದು ಕಬ್ಬಿಣ ಇತ್ತು ಅಂತ ಆಗ ಗೊತ್ತಾಗುತ್ತದೆ. ಕಪ್ಪು ಕಾರಿನಲ್ಲಿ ಬಣ್ಣ ಕಾಣೋದಿಲ್ಲ, ಆದರೆ ಕೆಲಸ ಅದೇ ನಡೆಯುತ್ತಿರುತ್ತದೆ. ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮೊದಲೇ ಚೆನ್ನಾಗಿ ನೀರು ಬಿಟ್ಟು ತೊಳೆಯಿರಿ. ಬಿಸಿಲಲ್ಲಿ ಬೇಡ, ಬಿಸಿ ಬಾನೆಟ್ ಮೇಲೆ ಬೇಡವೇ ಬೇಡ. ಒಣಗಿದರೆ ಅದೇ ಕಲೆ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮುಚ್ಚಿದ ಬೇಸ್‌ಮೆಂಟ್‌ನಲ್ಲಿ ಮಾಡಬೇಡಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಕ್ಲೇ ಅಂದರೆ ಪೇಂಟ್ ಮೇಲೆ ಜಾರಿಸಿ ಅಂಟಿದ ಕಣ ಎತ್ತುವ, ಹಿಟ್ಟಿನ ಉಂಡೆಯಂಥ ಮೃದು ವಸ್ತು. ಐರನ್ ರಿಮೂವರ್ ಇಲ್ಲದೆ ಕ್ಲೇಯಲ್ಲೇ ಕಬ್ಬಿಣ ತೆಗೆಯಬಹುದಲ್ವಾ? ತೆಗೆಯಬಹುದು. ಆದರೆ ಕ್ಲೇ ಕಣದ ಮೇಲ್ತುದಿಯನ್ನು ಮಾತ್ರ ಕತ್ತರಿಸಿ ಬೇರು ಒಳಗೇ ಬಿಡಬಹುದು. ಕಿತ್ತು ಬಂದ ಕಣ ಕ್ಲೇಯಲ್ಲಿ ಕೂತು ಪಕ್ಕದ ಜಾಗವನ್ನು ಗೀರಲೂಬಹುದು. ಮೊದಲು ಕೆಮಿಕಲ್‌ನಲ್ಲಿ ಕರಗಿಸಿ, ಉಳಿದದ್ದಕ್ಕೆ ಮಾತ್ರ ಕ್ಲೇ ಹಿಡಿದರೆ ಈ ಎರಡೂ ತೊಂದರೆ ಕಡಿಮೆ. ದುಡ್ಡು ಉಳಿಸಲೇಬೇಕು ಅನ್ನುವವರು ಇಡೀ ಕಾರಿಗೆ ಹಾಕದೆ ಬಾಗಿಲುಗಳ ಕೆಳಗಿನ ಅರ್ಧ, ಡಿಕ್ಕಿ ಬಾಗಿಲು, ಬಂಪರ್‌ಗಳಿಗೆ ಮಾತ್ರ ಹಾಕಿ. ಕಬ್ಬಿಣ ಜಾಸ್ತಿ ಕೂರೋದು ಅಲ್ಲೇ.

ಮರದ ಕೆಳಗೆ ನಿಲ್ಲುವ ಕಾರುಗಳ ಬಗ್ಗೆ ಒಂದು ಮಾತು. ಮಾವು ಹೂ ಬಿಡುವ ಕಾಲಕ್ಕೆ ಗಾಜಿನ ಮೇಲೆ, ಬಾನೆಟ್ ಮೇಲೆ ಬೀಳುವ ಅಂಟು ಮರದ್ದಲ್ಲ, ಜಿಗಿಹುಳು ಬಿಡುವ ಸಿಹಿ ದ್ರವ. ಸಕ್ಕರೆಯಂಶ ಇರೋದರಿಂದ ಉಗುರುಬೆಚ್ಚಗಿನ ಶಾಂಪೂ ನೀರಿಗೆ ಕರಗುತ್ತದೆ, ಅದಕ್ಕೆ ಕ್ಲೇ ಬೇಡ. ಗಟ್ಟಿಯಾದ ಮರದ ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ಹಕ್ಕಿ ಹಿಕ್ಕೆಯನ್ನು ಒಣಗಿದ ಮೇಲೆ ಉಗುರಲ್ಲಿ ಕೆರೆಯಬೇಡಿ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ತೆಗೆಯಿರಿ.

ಕ್ಲೇ ಬಾರ್, ಕ್ಲೇ ಮಿಟ್, ಕ್ಲೇ ಟವೆಲ್

ಕೆಮಿಕಲ್ ಹಂತ ಮುಗಿಸಿ ಮತ್ತೆ ಕವರ್ ಹಾಕಿಕೊಂಡು ಸವರಿ. ನುಣ್ಣಗಿದ್ದರೆ ಕ್ಲೇ ಬಿಟ್ಟುಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪ್ಯಾಕೇಜ್‌ನಲ್ಲಿ ಇದೆ ಅಂತಲೇ ಹೊಸ ಕಾರಿಗೂ ಕ್ಲೇ ಉಜ್ಜುವುದನ್ನು ನೋಡಿದ್ದೇನೆ. ಕ್ಲೇ ಎಷ್ಟೇ ಮೃದು ಆದರೂ ಸಣ್ಣ ಮಸುಕು ಗೀರು ಬಿಡುವ ಸಾಧ್ಯತೆ ಇದ್ದೇ ಇದೆ. ಆಮೇಲೆ ಪಾಲಿಶ್ ಮಾಡೋದಿದ್ದರೆ ಚಿಂತೆ ಇಲ್ಲ. ಪಾಲಿಶ್ ಇಲ್ಲದೆ ನೇರ ವ್ಯಾಕ್ಸ್ ಹಾಕೋದಿದ್ದರೆ, ಅದರಲ್ಲೂ ಕಪ್ಪು ಕಾರಾದರೆ, ಯೋಚಿಸಿ.

ಬೇಕೇ ಬೇಕು ಅಂತಾದರೆ, ಮೊದಲ ಸಲ ಮಾಡುವವರಿಗೆ ನಾನು ಹೇಳೋದು ಫೈನ್ ಗ್ರೇಡ್ ಕ್ಲೇ ಬಾರ್. ಕೈಗೆ ಎಲ್ಲಾ ಗೊತ್ತಾಗುತ್ತದೆ, ಅದೇ ಅದರ ದೊಡ್ಡ ಗುಣ. ಉಂಡೆಯಿಂದ ಸ್ವಲ್ಪ ಕಿತ್ತು, ಮೂರು ಬೆರಳಿನಷ್ಟು ಅಗಲಕ್ಕೆ ತಟ್ಟಿಕೊಳ್ಳಿ. ಪ್ಯಾನಲ್ ಮೇಲೆ ಧಾರಾಳವಾಗಿ ಲ್ಯೂಬ್ (ಕ್ಲೇ ಜಾರಲು ಹಾಕುವ ದ್ರವ) ಸ್ಪ್ರೇ ಮಾಡಿ. ಮೊದಲು ಹೇಳಿದ ರಿನ್ಸ್‌ಲೆಸ್ ದ್ರಾವಣವನ್ನೇ ಒಂದು ಲೀಟರ್‌ಗೆ 15 ಎಂಎಲ್‌ನಂತೆ ಗಟ್ಟಿಯಾಗಿ ಕಲಸಿದರೆ ಬೇರೆ ಲ್ಯೂಬ್ ತರೋದೇ ಬೇಡ. ಒತ್ತದೆ, ನೇರ ಗೆರೆಯಲ್ಲಿ ಹಿಂದಕ್ಕೂ ಮುಂದಕ್ಕೂ ಜಾರಿಸಿ. ಶುರುವಿನಲ್ಲಿ ಕ್ಲೇ ತಡೆದು ತಡೆದು ಹೋಗುತ್ತದೆ, ಸರಸರ ಸದ್ದೂ ಬರುತ್ತದೆ. ನಾಲ್ಕಾರು ಸಲ ಆದ ಮೇಲೆ ಸದ್ದು ನಿಂತು, ಸಲೀಸಾಗಿ ಜಾರತೊಡಗುತ್ತದೆ. ಆ ಜಾಗ ಮುಗೀತು. ಕ್ಲೇ ತಿರುಗಿಸಿ ನೋಡಿ, ಕಂದು ಬಣ್ಣದ ಗೆರೆಗಳಿರುತ್ತವೆ. ಮಡಚಿ ಹೊಸ ಮುಖ ಮಾಡಿಕೊಂಡು ಮುಂದಕ್ಕೆ ಹೋಗಿ.

ಬಾರ್‌ನ ದೋಷ ಒಂದೇ: ಕೈಜಾರಿ ನೆಲಕ್ಕೆ ಬಿದ್ದರೆ ಕಸದ ಬುಟ್ಟಿಗೇ ಹಾಕಬೇಕು. ನೆಲದ ಮರಳು ಅದರೊಳಗೆ ಹೂತುಹೋಗುತ್ತದೆ, ತೊಳೆದರೆ ಬರೋದಿಲ್ಲ. ಅದಕ್ಕೇ ಇಡೀ ಬಾರ್ ಕೈಗೆ ತಗೋಬೇಡಿ, ತುಂಡು ಮಾಡಿ ಬಳಸಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕ್ಲೇ ತೀರಾ ಮೆತ್ತಗಾಗಿ ಪೇಂಟ್‌ಗೆ ಮೆತ್ತಿಕೊಳ್ಳುತ್ತದೆ. ಬೆಳಗ್ಗೆ ಬೇಗ ಶುರು ಮಾಡಿ, ಮಿಕ್ಕ ತುಂಡುಗಳನ್ನು ತಣ್ಣೀರಿನಲ್ಲಿ ಇಟ್ಟುಕೊಳ್ಳಿ.

ಮಿಟ್ ಅಂದರೆ ಒಂದು ಬದಿಗೆ ರಬ್ಬರ್‌ನಂಥ ಪಾಲಿಮರ್ ಪದರ ಇರುವ ಕೈಚೀಲ. ಟವೆಲ್ ಕೂಡ ಅದೇ ಪದರದ ಬಟ್ಟೆ. ಎರಡೂ ಬಾರ್‌ಗಿಂತ ಬಹಳ ಬೇಗ ಕೆಲಸ ಮುಗಿಸುತ್ತವೆ, ಬಿದ್ದರೆ ತೊಳೆದು ಮತ್ತೆ ಬಳಸಬಹುದು, ಹೆಚ್ಚು ಕಾರಿಗೆ ಬರುತ್ತವೆ. ಇನೋವಾ, ಸ್ಕಾರ್ಪಿಯೋದಂಥ ದೊಡ್ಡ ಗಾಡಿಗೆ, ಅಥವಾ ಮನೆಯಲ್ಲಿ ಎರಡು ಮೂರು ಕಾರು ಇರುವವರಿಗೆ ಇದೇ ಲಾಭ. ಆದರೆ ಕೈಗೆ ಅಷ್ಟು ಸೂಕ್ಷ್ಮವಾಗಿ ಗೊತ್ತಾಗೋದಿಲ್ಲ, ಮಸುಕು ಗೀರು ಬಿಡುವುದೂ ಸ್ವಲ್ಪ ಜಾಸ್ತಿ. ಹೊಸ ಮಿಟ್ಟನ್ನು ನೇರವಾಗಿ ಪೇಂಟ್‌ಗೆ ಹಿಡಿಯಬೇಡಿ. ಮೊದಲು ಮುಂದಿನ ಗಾಜಿನ ಮೇಲೆ ಲ್ಯೂಬ್ ಹಾಕಿ ಚೆನ್ನಾಗಿ ಓಡಿಸಿ ಪಳಗಿಸಿ. ಗಾಜೂ ಸ್ವಚ್ಛ ಆಗುತ್ತದೆ.

ಮೀಡಿಯಂ, ಹೆವಿ ಗ್ರೇಡ್ ಬೇಕಾಗೋದು ಅಪರೂಪಕ್ಕೆ. ಬಿಲ್ಡಿಂಗ್ ಪೇಂಟ್ ಹನಿ ಗಟ್ಟಿಯಾಗಿ ಕೂತಿದ್ದರೆ ಮೀಡಿಯಂ ತಗೊಳ್ಳಿ, ಪಾಲಿಶ್ ಮಾಡಲೇಬೇಕು ಅಂತ ಮೊದಲೇ ತಿಳಿದಿರಿ. ಈಗಾಗಲೇ ಸೆರಾಮಿಕ್ ಕೋಟಿಂಗ್ ಇದ್ದು, ಅದನ್ನು ಉಳಿಸಿಕೊಳ್ಳಬೇಕು ಅನ್ನುವವರು ಕ್ಲೇ ಮುಟ್ಟಬೇಡಿ. ಐರನ್ ರಿಮೂವರ್ ಮತ್ತು ಶಾಂಪೂವಿಗೇ ನಿಲ್ಲಿಸಿ.

ಬೋರ್‌ವೆಲ್ ನೀರಿನ ಕಲೆ

ನಮ್ಮ ಕಡೆ ಕಾರುಗಳಿಗೆ ಆಗುವ ಹಾನಿಯಲ್ಲಿ ಇದರದ್ದೇ ದೊಡ್ಡ ಪಾಲು ಅಂತ ನನ್ನ ನಂಬಿಕೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ತುಂಬಿರುತ್ತವೆ. ಹನಿ ಬಿಸಿಲಲ್ಲಿ ಆರಿದಾಗ ನೀರು ಹೋಗಿ ಲವಣ ಬಿಳಿ ಉಂಗುರವಾಗಿ ಉಳಿಯುತ್ತದೆ. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪೊರೆಯೂ ಇದೇ. ಕ್ಲೇ ಹಿಡಿದರೆ ಈ ಕಲೆ ಸರಿಯಾಗಿ ಹೋಗೋದಿಲ್ಲ. ಇದಕ್ಕೆ ಬೇಕಾಗಿರೋದು ಮೆಲ್ಲಗಿನ ಆಮ್ಲ.

ಅಡುಗೆಮನೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ, ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ, ನೆರಳಲ್ಲಿ ತಣ್ಣಗಿರುವ ಪೇಂಟ್ ಮೇಲೆ ಒಂದೆರಡು ನಿಮಿಷ ಹೊದಿಸಿ. ಎತ್ತಿ ಒರೆಸಿ, ತಕ್ಷಣ ನೀರು ಬಿಟ್ಟು ತೊಳೆಯಿರಿ. ಇತ್ತೀಚಿನ ಕಲೆಗೆ ಇಷ್ಟೇ ಸಾಕು. ತಿಂಗಳುಗಟ್ಟಲೆ ಕೂತ ಕಲೆಗೆ ಅಂಗಡಿಯಲ್ಲಿ ಸಿಗುವ ವಾಟರ್ ಸ್ಪಾಟ್ ರಿಮೂವರ್ ಬೇಕು. ಅದು ಹೆಚ್ಚು ಖಾರ, ಹಾಗಾಗಿ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಒಂದು ನಿಮಿಷವೂ ಜಾಸ್ತಿ ಬಿಡಬೇಡಿ. ಬಾತ್‌ರೂಮ್ ಟೈಲ್ಸ್‌ಗೆ ಹಾಕುವ ಆಸಿಡ್ ಯಾವ ಕಾರಣಕ್ಕೂ ಬೇಡ. ಪೇಂಟ್, ಕ್ರೋಮ್, ಅಲಾಯ್ ಮೂರೂ ಹಾಳಾಗುತ್ತವೆ. ಕಟ್ಟಡದ ಪಕ್ಕ ನಿಲ್ಲಿಸಿ ಸಿಮೆಂಟ್ ಹಾಲು ಸಿಡಿದಿದ್ದರೂ ಇದೇ ವಿನೆಗರ್ ಬಟ್ಟೆಯಲ್ಲಿ ಮತ್ತೆ ಮತ್ತೆ ನೆನೆಸಿ ಮೆತ್ತಗೆ ಮಾಡಬೇಕು. ಕೆರೆದು ತೆಗೆಯೋಕೆ ಹೋದರೆ ಅದರಲ್ಲಿನ ಮರಳು ಗೀರುತ್ತದೆ.

ಆಮ್ಲ ಹಚ್ಚಿದ ಮೇಲೆ ಬೆರಳಿಗೆ ನುಣ್ಣಗಿದ್ದು, ಕಣ್ಣಿಗೆ ಮಾತ್ರ ಉಂಗುರ ಕಾಣುತ್ತಿದ್ದರೆ ಕಲೆ ಹೋಗಿದೆ, ಅದು ಕೊರೆದ ಗುಂಡಿ ಉಳಿದಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಪಾಲಿಶ್‌ನ ಕೆಲಸ. ಗುಂಡಿ ಆಳವಿದ್ದರೆ ಪೂರ್ತಿ ತೆಗೆಯೋಕೆ ಹೋಗಬೇಡಿ, ಕ್ಲಿಯರ್ ಕೋಟ್ ತೆಳುವಾಗುತ್ತದೆ. ಅರ್ಧ ಮರೆಯಾದರೆ ಸಾಕು ಅಂತ ಬಿಡೋದೇ ಜಾಣತನ.

ತಯಾರಿಯ ದಿನ ಕೊನೆಯ ಜಾಲಾಡುವಿಕೆಗಾದರೂ ಬೋರ್‌ವೆಲ್ ನೀರಿನ ಬದಲು ಮಳೆನೀರು ಅಥವಾ ಸಾಫ್ಟ್‌ನರ್‌ನ ನೀರು ಸಿಕ್ಕರೆ ಬಳಸಿ. ಅದೂ ಇಲ್ಲದಿದ್ದರೆ ಒಂದೊಂದೇ ಪ್ಯಾನಲ್ ತೊಳೆದು ಆಗಲೇ ಒರೆಸಿಕೊಂಡು ಹೋಗಿ.

ಪಾಲಿಶ್ ಎಷ್ಟು ಬೇಕು

ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬಲೆಯಂಥ ಸಣ್ಣ ಗೀರು ಮಾತ್ರ ಇದ್ದರೆ ಫಿನಿಶಿಂಗ್ ಪಾಲಿಶ್ ಒಂದೇ ಹಂತ ಸಾಕು. ಉಗುರಿಗೆ ತಗಲುವ ಗೀರು ಪಾಲಿಶ್‌ಗೆ ಹೋಗುವಂಥದ್ದಲ್ಲ, ಅದಕ್ಕಾಗಿ ಕಾಂಪೌಂಡ್ (ಹೆಚ್ಚು ಉಜ್ಜುವ ಪಾಲಿಶ್) ಹಾಕಿ ಇಡೀ ಪ್ಯಾನಲ್ ಸವೆಸಬೇಡಿ. ಮನೆಯಲ್ಲಿ ಮಾಡುವವರಿಗೆ, ಸುತ್ತುತ್ತಲೇ ಅತ್ತಿತ್ತ ಅಲುಗುವ ಡ್ಯುಯಲ್ ಆಕ್ಷನ್ ಮಷಿನ್ ಒಳ್ಳೆಯದು. ರೋಟರಿ ಒಂದೇ ಕಡೆ ಸುತ್ತುತ್ತಾ ಬೇಗ ಬಿಸಿಯೇರುತ್ತದೆ. ಅಂಚುಗಳಲ್ಲಿ ಪೇಂಟ್ ಸುಟ್ಟು ಹೋಗುವ ಅಪಾಯ ಇದೆ, ಬಿಸಿಲಲ್ಲಿ ಸುರುಳಿ ಹೊಳಪಿನ ಗುರುತು ಬಿಡುತ್ತದೆ. ಅದು ಪಳಗಿದ ಕೈಗೆ ಮಾತ್ರ. ಒಂದೂವರೆ ಅಡಿ ಚೌಕದ ಜಾಗದಲ್ಲಿ ಅತಿ ಮೃದು ಪ್ಯಾಡ್, ಅತಿ ಮೃದು ಪಾಲಿಶ್‌ನಿಂದ ಶುರು ಮಾಡಿ, ಸಾಲದಿದ್ದರೆ ಒಂದು ಮೆಟ್ಟಿಲು ಮೇಲಕ್ಕೆ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬಾನೆಟ್ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ.

ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಗಾಡಿಗಳ ಮೂಲ ಪೇಂಟ್‌ನಲ್ಲಿ ಕ್ಲಿಯರ್ ಕೋಟ್ ಇರೋದಿಲ್ಲ. ಪ್ಯಾಡ್‌ಗೆ ಕಾರಿನ ಬಣ್ಣವೇ ಬರುತ್ತಿದ್ದರೆ ಗಾಬರಿ ಬೇಡ, ಆದರೆ ಕೈ ಇನ್ನೂ ಹಗುರ ಇರಲಿ.

ಕೊನೆಯ ಒರೆಸು: ಐಪಿಎ ಅಥವಾ ಪ್ಯಾನಲ್ ವೈಪ್

ಪಾಲಿಶ್‌ನಲ್ಲಿ ಎಣ್ಣೆಯಂಶ ಇರುತ್ತದೆ. ಅದು ಗೀರಿನೊಳಗೆ ತುಂಬಿ, ಗೀರೇ ಇಲ್ಲ ಅನ್ನುವ ಹಾಗೆ ತೋರಿಸುತ್ತದೆ. ಒರೆಸಿ ತೆಗೆದರೆ ಮಾತ್ರ ನಿಜವಾಗಿ ಎಷ್ಟು ಸರಿಹೋಗಿದೆ ಅಂತ ಗೊತ್ತಾಗುತ್ತದೆ, ಕೋಟಿಂಗ್ ಕೂಡ ಹಿಡಿಯುತ್ತದೆ. ಮೆಡಿಕಲ್ ಶಾಪ್‌ನ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ (ಐಪಿಎ) ಮೂರು ಪಾಲು ನೀರು ಬೆರೆಸಿದರೆ ಅಗ್ಗದ ದಾರಿ ಆಯಿತು. ನಲ್ಲಿ ನೀರು ಬೇಡ, ಪೆಟ್ರೋಲ್ ಬಂಕ್‌ನಲ್ಲಿ ಸಿಗುವ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಹಾಕಿ, ಕಲೆ ಆಗೋದಿಲ್ಲ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಆಲ್ಕೋಹಾಲ್ ಬೇಗ ಆರುತ್ತದೆ, ಬಟ್ಟೆ ಜಾರೋದಿಲ್ಲ, ಮೃದು ಕಪ್ಪು ಪೇಂಟ್‌ನಲ್ಲಿ ಒರೆಸುವಾಗಲೇ ಹೊಸ ಗೀರು ಬೀಳಬಹುದು. ಅಂಥ ಕಾರಿಗೆ ಮತ್ತು ಕಾಂಪೌಂಡ್ ಜಾಸ್ತಿ ಬಳಸಿದ ಕಾರಿಗೆ ಇದಕ್ಕೆಂದೇ ಸಿಗುವ ರೆಡಿಮೇಡ್ ದ್ರಾವಣ, ಪ್ಯಾನಲ್ ವೈಪ್, ಮೇಲು. ಎಣ್ಣೆಯನ್ನು ಚೆನ್ನಾಗಿ ಎತ್ತುತ್ತದೆ, ಬಟ್ಟೆಯೂ ಜಾರುತ್ತದೆ. ಸೆರಾಮಿಕ್‌ಗೆ ಸಾವಿರಾರು ರೂಪಾಯಿ ಕೊಟ್ಟ ಮೇಲೆ ಇಲ್ಲಿ ಉಳಿಸೋಕೆ ಹೋಗಬೇಡಿ. ಎರಡೂ ಬೆಂಕಿ ಹತ್ತುವಂಥವು, ಗಾಳಿಯಾಡುವ ಕಡೆ ಬಳಸಿ.

ಮೇಲೆ ಏನು ಹಾಕುತ್ತೀರಿ?

ವ್ಯಾಕ್ಸ್ ಹಾಕೋದಾದರೆ ತೊಳೆದು, ಬೇಕಾದ ಕಡೆ ಕ್ಲೇ ಹಿಡಿದರೆ ಮುಗೀತು. ಎಣ್ಣೆ ಪೂರ್ತಿ ತೆಗೆಯಬೇಕು ಅಂತಿಲ್ಲ. ಸೀಲಂಟ್ ಹಾಕೋದಾದರೆ ಐಪಿಎ ಒರೆಸು ಒಂದು ಸೇರಿಸಿ, ಹೆಚ್ಚು ದಿನ ಬರುತ್ತದೆ. ಸೆರಾಮಿಕ್‌ಗೆ ಯಾವ ಹಂತವನ್ನೂ ಹಾರಿಸುವ ಹಾಗಿಲ್ಲ. ಅದು ಪೇಂಟ್ ಜತೆ ಗಟ್ಟಿಯಾಗಿ ಬೆಸೆದುಕೊಳ್ಳಬೇಕು, ಮಧ್ಯೆ ಏನೂ ಇರಬಾರದು. ಒಳಗೆ ಒಂದು ಗೀರು ಉಳಿದರೂ ಅದನ್ನು ಸರಿಮಾಡೋಕೆ ಕೋಟಿಂಗನ್ನೇ ಪಾಲಿಶ್ ಮಾಡಿ ತೆಗೆಯಬೇಕಾಗುತ್ತದೆ. ಡಬ್ಬಿಯ ಮೇಲಿನ 9ಎಚ್ ನೋಡಿ ಕಲ್ಲು ಬಿದ್ದರೂ ಏನೂ ಆಗಲ್ಲ ಅಂದುಕೊಳ್ಳಬೇಡಿ. ಅದು ಪೆನ್ಸಿಲ್ ಗೀರಿನ ಪರೀಕ್ಷೆಯ ಅಳತೆ. ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಸಿಡಿಯುವ ಕಲ್ಲಿಗೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಒಂದೇ ಉತ್ತರ. ಅದರ ದಪ್ಪವೇ ಸುಮಾರು 150ರಿಂದ 200 ಮೈಕ್ರಾನ್. ಪಿಪಿಎಫ್‌ಗೆ ಗೀರಿಗಿಂತ ಕಣದ ಭಯ ಹೆಚ್ಚು. ಒಂದೇ ಒಂದು ಕಣ ಸಿಕ್ಕಿಕೊಂಡರೂ ಫಿಲ್ಮ್ ಕೆಳಗೆ ಗುಳ್ಳೆಯಾಗಿ ಕಾಣುತ್ತದೆ. ಎರಡೂ ಹಾಕಿಸುವವರು ಫಿಲ್ಮ್ ಮೊದಲು, ಸೆರಾಮಿಕ್ ಅದರ ಮೇಲೆ ಅಂತ ಹೇಳಿ. ಜಾರುವ ಸೆರಾಮಿಕ್ ಮೇಲೆ ಫಿಲ್ಮ್‌ನ ಗೋಂದು ಸರಿಯಾಗಿ ಹಿಡಿಯೋದಿಲ್ಲ.

ಮನೆಯಲ್ಲೋ, ಸ್ಟುಡಿಯೋದಲ್ಲೋ

ತೊಳೆಯೋದು, ಟಾರ್, ಐರನ್, ಕ್ಲೇ, ವಿನೆಗರ್, ಇಷ್ಟನ್ನು ಯಾರು ಬೇಕಾದರೂ ಒಂದು ರಜಾ ದಿನದಲ್ಲಿ ಮಾಡಬಹುದು. ಪಾಲಿಶ್ ಮತ್ತು ಸೆರಾಮಿಕ್‌ಗೆ ದೂಳಿಲ್ಲದ, ನೆರಳಿನ, ಒಳ್ಳೆಯ ಬೆಳಕಿನ ಜಾಗ ಬೇಕು. ಕೋಟಿಂಗ್ ಹಾಕಿದ ಮೇಲೆ ಕನಿಷ್ಠ 24 ಗಂಟೆ ನೀರು ತಾಗಬಾರದು, ಸುಮಾರು ಒಂದು ವಾರ ಶಾಂಪೂ ಹಾಕಬಾರದು. ಮುಚ್ಚಿದ ಪಾರ್ಕಿಂಗ್ ಇಲ್ಲದವರು ಜೂನ್, ಜುಲೈನಲ್ಲಿ ಇದನ್ನು ಮನೆಯಲ್ಲಿ ಮಾಡದಿರೋದೇ ವಾಸಿ.

ಸ್ಟುಡಿಯೋಗೆ ಕೊಡೋದಾದರೆ ಕೋಟಿಂಗ್ ಬ್ರ್ಯಾಂಡ್ ಕೇಳುವ ಮೊದಲು ಈ ಮೂರು ಕೇಳಿ. ಪಾಲಿಶ್‌ಗೆ ಮುಂಚೆ ಪೇಂಟ್ ದಪ್ಪ ಅಳೆಯುತ್ತೀರಾ? ಐರನ್ ರಿಮೂವರ್ ಹಾಕುತ್ತೀರಾ, ನೇರ ಕ್ಲೇ ಹಿಡಿಯುತ್ತೀರಾ? ಕೋಟಿಂಗ್‌ಗೆ ಮುಂಚೆ ಪ್ಯಾನಲ್ ವೈಪ್ ಮಾಡಿ ಟಾರ್ಚ್ ಬೆಳಕಲ್ಲಿ ನನಗೆ ತೋರಿಸುತ್ತೀರಾ? ಮೂರನೆಯದಕ್ಕೆ ಖುಷಿಯಿಂದ ಬನ್ನಿ ಅನ್ನುವವರ ಹತ್ತಿರ ಕೊಡಿ. ಇಡೀ ಕಾರಿನ ತಯಾರಿ, ಪಾಲಿಶ್, ಸೆರಾಮಿಕ್ ಎಲ್ಲಾ ಸಾಯಂಕಾಲದೊಳಗೆ ಮುಗಿಸಿಕೊಡ್ತೀವಿ ಅಂದರೆ ಯಾವುದೋ ಹಂತ ಹಾರಿಸುತ್ತಾರೆ ಅಂತಲೇ ತಿಳಿಯಿರಿ.

ಹೊಸ ಕಾರು ಬುಕ್ ಮಾಡಿದವರು ಡೆಲಿವರಿಗೆ ಮುಂಚೆ ಶೋರೂಮಿನಲ್ಲಿ ಒರೆಸಿ ಪಾಲಿಶ್ ಮಾಡಿ ಕೊಡೋದು ಬೇಡ, ಬರೀ ನೀರು ಹಾಕಿ ತೊಳೆದು ಕೊಡಿ ಅಂತ ಬರೆದು ಕೊಡಿ. ಯಾರ್ಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಹೊಸ ಕಾರಿಗೂ ಕಬ್ಬಿಣದ ಕಣ, ನೀರಿನ ಕಲೆ ಇರುತ್ತದೆ, ಆದರೆ ಐರನ್ ರಿಮೂವರ್ ಮತ್ತು ಹಗುರ ಪಾಲಿಶ್ ದಾಟಿ ಹೋಗುವ ಅಗತ್ಯ ಸಾಮಾನ್ಯವಾಗಿ ಇರೋದಿಲ್ಲ. ಬಂಪರ್‌ಗೋ ಬಾಗಿಲಿಗೋ ಇತ್ತೀಚೆಗೆ ಹೊಸದಾಗಿ ಪೇಂಟ್ ಮಾಡಿಸಿದ್ದರೆ ಆ ಪ್ಯಾನಲ್‌ಗೆ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಎರಡು ತಿಂಗಳು, ಕ್ಲೇ, ಆಲ್ಕೋಹಾಲ್, ಕೋಟಿಂಗ್ ಯಾವುದೂ ಬೇಡ. ಒಳಗಿನ ಸಾಲ್ವೆಂಟ್ ಪೂರ್ತಿ ಆರಬೇಕು. ಬಾಡಿ ಶಾಪ್‌ನ ಬಿಲ್‌ನಲ್ಲಿ ತಾರೀಖು ಇರುತ್ತದೆ, ಕಾರು ಬಿಡುವಾಗ ಸ್ಟುಡಿಯೋದವರಿಗೆ ಅದನ್ನು ತೋರಿಸಿ, ಯಾವ ಪ್ಯಾನಲ್ ಅಂತ ಟೇಪ್ ಅಂಟಿಸಿ ಗುರುತು ಮಾಡಿಕೊಡಿ.